ಪರೀಕ್ಷಿಸಿದವರು: ಅಪ್ಪ

ನನ್ನ ಅಪ್ಪ ಸುಳ್ಳು ಹೇಳಿದ್ದಾನೆ ಎಂದು ನನಗೆ ಮೊದಲು ತಿಳಿಸಿದವರು ನಾನು ಮುಖವನ್ನೇ ನೋಡಿರದ ಮೂವರು ಪರದೇಶದವರು. ತಾವು ತಿಳಿಸುತ್ತಿರುವುದು ಅದನ್ನೇ ಎಂದು ಪಾಪ ಅವರಿಗೂ ಗೊತ್ತಿರಲಿಲ್ಲ. ಅವರು ಬರೆದದ್ದು ಇಷ್ಟೇ: ನಿಮ್ಮ ತಿದ್ದುಪಡಿ ಬಂದ ಮೇಲೆ ನಮ್ಮ ಕಂಪ್ಯೂಟರಿನ ಹಿಂದೆ ಸ್ಪೀಕರ್ ಸಿಕ್ಕಿಸುವ ತೂತಿನಿಂದ ಶಬ್ದವೇ ಬರುತ್ತಿಲ್ಲ, ದಯವಿಟ್ಟು ನೋಡಿ. ನಾನು ನೋಡಲಿಲ್ಲ. ಜಗಳಕ್ಕೆ ಹೋದೆ.

ನನ್ನದು ಮಂಡ್ಯದ ಗುತ್ತಲಿನಲ್ಲಿ ಒಂದು ಬಾಡಿಗೆ ಮಹಡಿ ಮನೆ. ಹಗಲು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ, ಊರೂರಿನ ಜನ ಸೇರಿ ಬರೆಯುವ, ಯಾರೊಬ್ಬರ ಸ್ವತ್ತೂ ಅಲ್ಲದ ಒಂದು ಆಪರೇಟಿಂಗ್ ಸಿಸ್ಟಮ್ಮಿಗೆ ಕೋಡ್ ಬರೆಯುತ್ತೇನೆ. ಅದರೊಳಗೆ ನನ್ನ ಮೂಲೆ ಶಬ್ದ ಹೊರಗೆ ಹೋಗುವ ದಾರಿ. ಕಂಪ್ಯೂಟರಿಗೆ ಯಾರು ಏನು ಸಿಕ್ಕಿಸಿದ್ದಾರೆ, ಶಬ್ದವನ್ನು ಯಾವ ತೂತಿಗೆ ಕಳಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನ ಮಾಡುವ ಕೋಡು. ಯಾರೂ ಹೊಗಳದ ಕೆಲಸ. ಕೆಟ್ಟಾಗ ಮಾತ್ರ ನೆನಪಾಗುತ್ತೇವೆ.

ಅಲ್ಲಿ ಒಂದು ಪದ್ಧತಿ ಇದೆ. ತಿದ್ದುಪಡಿ ಕಳಿಸುವಾಗ ಬರೆದವರ ಹೆಸರಿನ ಜೊತೆಗೆ, ನಿಜವಾದ ಯಂತ್ರದ ಮೇಲೆ ಓಡಿಸಿ ನೋಡಿದವರ ಹೆಸರನ್ನು 'ಪರೀಕ್ಷಿಸಿದವರು' ಎಂದು ಒಂದು ಸಾಲಿನಲ್ಲಿ ಹಾಕುತ್ತೇವೆ. ಅದು ಸಹಿ ಇದ್ದ ಹಾಗೆ. ಆ ಸಾಲನ್ನು ನಂಬಿ, ಗುರುತು ಪರಿಚಯ ಇಲ್ಲದವರ ಕೋಡನ್ನು ಜನ ತಮ್ಮ ಯಂತ್ರಕ್ಕೆ ಹಾಕಿಕೊಳ್ಳುತ್ತಾರೆ. ನನ್ನ ತಿದ್ದುಪಡಿಯಲ್ಲಿ ಆ ಜಾಗದಲ್ಲಿದ್ದದ್ದು ಅಪ್ಪನ ಹೆಸರು.

ಅಪ್ಪನದು ಮದ್ದೂರಿನಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆ, ತಿಥಿ, ಗೃಹಪ್ರವೇಶ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ಆಂಪ್ಲಿಫೈಯರ್ ಮತ್ತು ಹಾರನ್ ಸ್ಪೀಕರುಗಳನ್ನು ಬಾಡಿಗೆಗೆ ಕೊಡುತ್ತಾನೆ. ಕ್ಯಾಸೆಟ್ಟಿನ ಕಾಲ ಹೋದ ಮೇಲೆ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡ. ಅದರ ಹಿಂದಿನ ತೂತಿನಿಂದ ಆಂಪ್ಲಿಫೈಯರಿಗೆ ವೈರು. ಮುಂದಿನ ಹಾಡು ಯಾವುದೆಂದು ಕೇಳಿ ನೋಡಲು ಮುಂದಿನ ತೂತಿಗೆ ಇಯರ್‌ಫೋನ್ ಸಿಕ್ಕಿಸಿದರೆ ಸಾಕು, ಹಿಂದಿನದು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಚಪ್ಪರದಲ್ಲಿ ವಾಲಗದ ಹಾಡು ನಿಂತುಹೋಗಿ, ಹೆಣ್ಣಿನ ಕಡೆಯವರು ಅಪ್ಪನನ್ನು ವಾಚಾಮಗೋಚರ ಬೈದರಂತೆ. ಆ ಮಾದರಿ ಕಂಪ್ಯೂಟರಿನಲ್ಲಿ ಎರಡು ತೂತೂ ಒಟ್ಟಿಗೆ ತೆರೆದಿರುವ ಹಾಗೆ ನಾನೇ ಬರೆದುಕೊಡುತ್ತೇನೆ ಅಂದೆ.

ಮೈಕ್ ಸೆಟ್ಟಿನವರಲ್ಲೂ ಒಂದು ಪದ್ಧತಿ ಇದೆ. ಯಂತ್ರದ ಮುಂದೆ ಕೂತವನು ತನ್ನ ಕಿವಿಯನ್ನು ನಂಬಬಾರದು. ಅವನು ಶಬ್ದ ಬಿಟ್ಟು ಕೈ ಎತ್ತಬೇಕು. ಕೊಟ್ಟಕೊನೆಯ ಹಾರನ್ ಕೆಳಗೆ ನಿಂತವನು ಕೇಳಿಸಿದರೆ ಟವಲ್ ಎತ್ತಬೇಕು. ಟವಲ್ ಎದ್ದರೆ ಮುಗಿಯಿತು, ಆಮೇಲೆ ಪ್ರಶ್ನೆ ಇಲ್ಲ. ಈಚಿನ ವರ್ಷಗಳಲ್ಲಿ ಯಂತ್ರದ ಮುಂದೆ ಕೂರುತ್ತಿದ್ದವರು ಆಂಪ್ಲಿಫೈಯರ್ ರಿಪೇರಿ ಮಾಡುವ, ಅಪ್ಪನ ಹಳೆಯ ಸ್ನೇಹಿತರಾದ ಚಾಚಾ. ಅಪ್ಪ ಹಾರನ್ ಕಡೆ ನಿಲ್ಲುತ್ತಿದ್ದ. ಕೂತರೆ ಸೊಂಟ ಹಿಡಿಯುತ್ತದೆ ಎಂದು ಕಾರಣ ಕೊಡುತ್ತಿದ್ದ, ನಾನು ನಂಬಿದ್ದೆ.

ಅಪ್ಪನ ಮಾತೆಂದರೆ ನನಗೆ ಅಷ್ಟು ಭರವಸೆ ಯಾಕೆ ಎಂದು ಹೇಳಲೇಬೇಕು. ನನ್ನನ್ನು ಮಳವಳ್ಳಿಗೆ ಕೊಟ್ಟಿದ್ದರು. ಗಂಡ ಹೊಡೆಯಲಿಲ್ಲ, ಬಡಿಯಲಿಲ್ಲ, ಕುಡಿಯಲಿಲ್ಲ. ನಾನು ಮಾತಾಡಿದರೆ ಆ ಮನೆಯಲ್ಲಿ ಯಾರೂ ಉತ್ತರ ಕೊಡುತ್ತಿರಲಿಲ್ಲ, ಅಷ್ಟೆ. 'ಅಷ್ಟೆ' ಅನ್ನುವವರು ಮೂರು ವರ್ಷ ಹಾಗೆ ಇದ್ದು ನೋಡಲಿ. ನಾಲ್ಕನೆಯ ವರ್ಷ ಗೌರಿ ಹಬ್ಬಕ್ಕೆ ಅಪ್ಪ ಸ್ಕೂಟರಿನಲ್ಲಿ ಕರೆಯಲು ಬಂದ. ಅಮ್ಮ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಮದ್ದೂರಿನ ದಾರಿಯಲ್ಲಿ, ಎರಡೂ ಕಡೆ ಕಬ್ಬಿನ ಗದ್ದೆ, ಅವನ ಬೆನ್ನಿಗೆ ಬಾಯಿಟ್ಟು ನಾನು ಎಲ್ಲವನ್ನೂ ಹೇಳಿದೆ. ಅಲ್ಲಿ ನನ್ನ ಮಾತು ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಪ್ಪ, ಅಂದೆ. ನಾನಿನ್ನು ವಾಪಸ್ ಹೋಗುವುದಿಲ್ಲ, ಹೋಗು ಅನ್ನಬೇಡ, ಅಂದೆ.

"ಸರಿ ಬುಡವ್ವ," ಅಂದ ಅಪ್ಪ. ಮದ್ದೂರು ಬರುತ್ತಲೇ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಕಾಫಿ ಕೊಡಿಸಿದ. ಒಂದು ಪ್ರಶ್ನೆ ಕೇಳಲಿಲ್ಲ, ಒಂದು ಬುದ್ಧಿಮಾತು ಹೇಳಲಿಲ್ಲ. ಎಂಥ ಅಪ್ಪನನ್ನು ಪಡೆದಿದ್ದೇನೆ ಎಂದು ಕಾಫಿ ಲೋಟದೊಳಗೆ ಕಣ್ಣೀರು ಹಾಕಿದ್ದೆ.

ಹಬ್ಬ ಮುಗಿದ ಮೇಲೆ ನೆಂಟರೆಲ್ಲ ಸೇರಿ ನ್ಯಾಯ ಮಾಡಿದರು. ನಾನು ಅಪ್ಪನಿಗೆ ದಾರಿಯಲ್ಲೇ ಹೇಳಿದ್ದೇನೆ, ಅಪ್ಪ ಒಪ್ಪಿದ್ದಾನೆ, ಅಂದೆ. ದೊಡ್ಡಮ್ಮ ಅಪ್ಪನ ಎದುರಿಗೆ ಕೂತು, ನಿಜವೇನಲಾ, ಅವ್ಳು ಗಂಡನ ಮನೆ ಬುಡದಕ್ಕೆ ಒಪ್ಪಿದ್ಯಾ, ಎಂದು ಕೇಳಿದಳು. ಅಪ್ಪ ಅವಳ ಮುಖ ನೋಡಿ "ಊಂ, ಅವ್ಳು ಕೇಳುದ್ಲು, ನಾನು ಸರಿ ಅಂದೆ," ಅಂದ. ಎಲ್ಲರ ಬಾಯಿ ಮುಚ್ಚಿತು. ಅಲ್ಲಿಂದ ಮುಂದೆ ಯಾರು ಏನೇ ಆಡಿಕೊಂಡರೂ ನಾನು ತಲೆ ಎತ್ತಿಕೊಂಡು ಓಡಾಡಿದ್ದು ಆ ಒಂದು ಮಾತಿನ ಮೇಲೆ.

ಈಗ ಕೋಡಿನ ವಿಷಯಕ್ಕೆ ಬರುತ್ತೇನೆ. ಆ ಮಾದರಿ ಕಂಪ್ಯೂಟರ್ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಮೂರು ಭಾನುವಾರ ಹೊಸ ಕೋಡನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ರೈಲಿನಲ್ಲಿ ಮದ್ದೂರಿಗೆ ಹೋದೆ. ಭಾನುವಾರ ಚಾಚಾ ಅಂಗಡಿಗೆ ಬರುವುದಿಲ್ಲ. ಪಕ್ಕದಲ್ಲೇ ನರ್ಸಿಂಗ್ ಹೋಮ್ ಇರುವುದರಿಂದ ಶಬ್ದ ಜೋರಾಗಿ ಇಡುವಂತಿಲ್ಲ, ಹಾರನ್ ಕೆಳಗೆ ನಿಂತವರಿಗಷ್ಟೇ ಕೇಳುವಷ್ಟು. ನಾನು ಒಳಗೆ, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಅಪ್ಪ ಹೊರಗೆ, ಹಿತ್ತಿಲಿನ ಕೊನೆಯ ಕಂಬಕ್ಕೆ ಕಟ್ಟಿದ ಹಾರನ್ ಕೆಳಗೆ. ನನ್ನ ಕಿವಿಯಲ್ಲಿ ಹಾಡು ಬಂದ ತಕ್ಷಣ ಕೈ ಎತ್ತಿದೆ. ಅಪ್ಪ ಟವಲ್ ಎತ್ತಿದ. ಒಳಗೆ ಬಂದು, "ಗಂಟೆ ಒಡ್ದಂಗೆ ಕೇಳ್ತದೆ ಕಣವ್ವ," ಅಂದ. ಮೂರು ವಾರವೂ ಹೀಗೇ. ಸಂಜೆ ಪೆನ್‌ಡ್ರೈವ್ ಕಿತ್ತುಕೊಂಡು ಬರುತ್ತಿದ್ದೆ. ಬಾಡಿಗೆ ಕೆಲಸಕ್ಕೆ ಹಳೆಯದೇ ಓಡಲಿ, ಹೊಸದನ್ನು ಒಪ್ಪಿಕೊಂಡ ಮೇಲೆ ಹಾಕೋಣ ಎಂದು ನನ್ನ ಜಾಣತನ.

ಆ ಸಿಸ್ಟಮ್ಮನ್ನು ನೋಡಿಕೊಳ್ಳುವವರು ತಿದ್ದುಪಡಿಯನ್ನು ಒಪ್ಪಿಕೊಂಡರು. ಅಪ್ಪನ ಹೆಸರನ್ನು ಪರದೆಯ ಮೇಲೆ ತೋರಿಸಿದೆ. ಇಂಗ್ಲಿಷ್ ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದಿ, "ಇದು ಅಮೇರಿಕದೋರ್ಗೂ ಕಾಣ್ತದಾ?" ಎಂದು ಕೇಳಿದ. ಕಾಣುತ್ತದೆ ಅಂದೆ. ನಾನು ಮಾತಾಡುವಾಗ ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಪ್ರೀತಿ ಅಂದುಕೊಂಡೆ.

ಅಂಗಡಿಯ ಯಂತ್ರಕ್ಕೆ ಹೊಸದನ್ನು ಹಾಕುವ ಮೊದಲೇ ಆ ಮೂರು ದೂರು ಬಂದವು. ನನಗೆ ಕೋಪ ಮೂಗಿನ ತುದಿಯಲ್ಲೇ. ನನ್ನ ತಂದೆ ನಲವತ್ತು ವರ್ಷ ಶಬ್ದದ ಕೆಲಸ ಮಾಡಿದವರು, ಅವರು ಕೇಳಿಸಿತು ಅಂದರೆ ಕೇಳಿಸಿತು, ಮೊದಲು ನಿಮ್ಮ ವೈರು ಸರಿ ಇದೆಯೇ ನೋಡಿಕೊಳ್ಳಿ, ಎಂದು ಎಲ್ಲರೂ ಓದುವ ಜಾಗದಲ್ಲಿ ಬರೆದೆ. ಅವರಲ್ಲೊಬ್ಬರು ಸ್ವಲ್ಪವೂ ಸಿಟ್ಟಾಗದೆ, ನೀವೇ ಒಮ್ಮೆ ಸ್ಪೀಕರಿನ ಹತ್ತಿರ ನಿಂತು ಕೇಳಿದ್ದೀರಾ, ಎಂದು ಕೇಳಿದರು. ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ನಾನು ಕೇಳಿರಲಿಲ್ಲ.

ಬುಧವಾರ ರಜೆ ಹಾಕಿ, ಹೇಳದೆ ಕೇಳದೆ ಹೊರಟೆ. ಹನಕೆರೆಯಲ್ಲಿ ರೈಲು ಕ್ರಾಸಿಂಗಿಗೆ ನಿಂತಿತು. ಅಲ್ಲಿಯವರೆಗೂ ನಾನು ಆ ಮೂವರನ್ನೇ ಮನಸ್ಸಿನಲ್ಲಿ ಬೈಯುತ್ತಿದ್ದೆ. ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿ ಹಾಡು ಬಿಟ್ಟೆ. ಇನ್ನೊಂದು ಸಲ ನೋಡೋಣ ಎಂದು ಸನ್ನೆ ಮಾಡಿದೆ, ಅಪ್ಪ ಖುಷಿಯಿಂದ ಕಂಬದ ಕಡೆ ಹೋದ. ಕೈ ಎತ್ತಿದೆ, ಟವಲ್ ಎದ್ದಿತು. ಆಗ ನನಗೆ ಏನು ಹೊಳೆಯಿತೋ, ಕಂಪ್ಯೂಟರಿನ ಹಿಂದೆ ಬಗ್ಗಿ ಆಂಪ್ಲಿಫೈಯರಿಗೆ ಹೋಗುವ ವೈರನ್ನೇ ಕಿತ್ತುಬಿಟ್ಟೆ. ಎಡಗೈಯಲ್ಲಿ ಕಿತ್ತ ವೈರು ಹಿಡಿದುಕೊಂಡು ಬಲಗೈ ಎತ್ತಿದೆ.

ಅಪ್ಪ ಟವಲ್ ಎತ್ತಿದ. ನಗುತ್ತಾ ಎರಡು ಸಲ ಬೀಸಿದ.

ಬಾಗಿಲ ಬಳಿ ಬೆಸುಗೆ ಹಾಕುತ್ತಾ ಕೂತಿದ್ದ ಚಾಚಾ ನನ್ನ ಕೈಯಲ್ಲಿದ್ದ ವೈರನ್ನು ನೋಡಿದರು, ಹೊರಗೆ ಅಪ್ಪನನ್ನು ನೋಡಿದರು, ಕಾದ ಕಡ್ಡಿಯನ್ನು ಕೆಳಗಿಟ್ಟರು.

"ಆರು ವರ್ಸ ಆಯ್ತು ಕಣಮ್ಮ," ಅಂದರು. "ಎರಡು ಕಿವೀನೂ ಓಗವೆ. ಬಾಯಿ ನೋಡಿ ಮಾತು ಇಡಿತಾನೆ. ಮಗಳ್ಗೆ ಏಳ್ಬ್ಯಾಡ ಅಂತ ನನ್ ಕೈಲಿ ಆಣೆ ಆಕುಸ್ಕಂಡವ್ನೆ."

"ಆರು ವರ್ಷ ನೀವೂ ಸುಮ್ಮನಿದ್ರಾ ಚಾಚಾ?"

"ಆಣೆ ಆಕಿದ್ನಲ್ಲಮ್ಮ," ಅಂದರು. ನನ್ನ ಮುಖ ನೋಡಲಿಲ್ಲ.

ಆರು ವರ್ಷ. ಸ್ಕೂಟರಿನ ದಾರಿಗೆ ನಾಲ್ಕು ವರ್ಷ. ಲೆಕ್ಕ ಹಾಕಲು ನನಗೆ ಹೊತ್ತೇನೂ ಬೇಕಾಗಲಿಲ್ಲ. ಕೋಡು, ದೂರು, ಪರದೇಶದವರು ಎಲ್ಲ ತಲೆಯಿಂದ ಹೋಯಿತು. ಅಪ್ಪ ಒಳಗೆ ಬಂದಾಗ ಸ್ಟೂಲ್ ಎಳೆದುಕೊಂಡು ಅವನ ಮುಖಕ್ಕೆ ಮುಖ ಕೊಟ್ಟು ಕೂತೆ. ವೈರನ್ನು ಅವನ ತೊಡೆಯ ಮೇಲೆ ಹಾಕಿದೆ. ಅವನಿಗೆ ಅರ್ಥವಾಯಿತು.

"ಗೌರಿ ಹಬ್ಬಕ್ಕೆ ಕರ್ಕೊಂಡು ಬಂದ್ಯಲ್ಲ," ಅಂದೆ, ನಿಧಾನವಾಗಿ, ತುಟಿ ಕಾಣುವ ಹಾಗೆ. "ಗಾಡೀಲಿ ನಾನು ಏನಂದೆ?"

ಅಪ್ಪ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಏನೋ ಅಂತಿದ್ದೆ. ಕೇಳ್ನಿಲ್ಲ ಕಣವ್ವ. ಕಾಪಿ ಕುಡಿಯಣ ಅಂತೀಯೇನೋ ಅಂದ್ಕಂಡೆ."

"ಮತ್ತೆ ದೊಡ್ಡಮ್ಮ ಕೇಳಿದಾಗ?"

"ಅವ್ಳು ಎದುರ್ಗೇ ಕುಂತಿದ್ಲು, ಬಾಯಿ ನೋಡ್ದೆ, ಆಗ್ಲೇ ಗೊತ್ತಾಗಿದ್ದು. ನಂಗೆ ಕೇಳೇ ಇಲ್ಲ ಅಂದ್ರೆ ಅಷ್ಟು ಜನುಕ್ಕೂ ಕಿವಿ ವಿಸ್ಯ ತಿಳಿಯೋದು. ಮೈಕ್ ಸೆಟ್ನೋನ್ ಕಿವಿ ಓಗದೆ ಅಂದ್ರೆ ಯಾರು ಕರೀತಾರವ್ವ? ಊಂ ಅಂದ್ಬುಟ್ಟೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಆ ಗಾದೆಯನ್ನು ನಾನು ಎಷ್ಟು ಜನರ ಮೇಲೆ ಹೇಳಿ ನಕ್ಕಿದ್ದೇನೋ. ನನ್ನ ಬಾಳಿನ ಮೇಲೇ ಯಾರೋ ಅದನ್ನು ಆಡಿ ಮುಗಿಸಿದ್ದರು.

ಕೇಳಬಾರದಿತ್ತು, ಆದರೂ ಕೇಳಿದೆ. "ಅವತ್ತು ಕೇಳಿಸಿದ್ರೆ ಏನಂತಿದ್ದೆ?"

ಅಪ್ಪ ಸುಳ್ಳು ಹೇಳಬಹುದಿತ್ತು. ಅಷ್ಟು ವರ್ಷ ಹೇಳಿದವನಿಗೆ ಇನ್ನೊಂದು ಭಾರವೇ? ಆ ಹೊತ್ತಿಗೇ ಅವನ ಬಾಯಿಗೆ ಸತ್ಯ ಬಂತು.

"ಬ್ಯಾಡ ಅಂತಿದ್ದೆ. ಗಾಡಿ ತಿರುಗುಸ್ಕಂಡು ಓಗಿ, ಮಳವಳ್ಳೀಲೇ ಬುಟ್ಬುಟ್ಟು ಬತ್ತಿದ್ದೆ."

ನಂಬಿಸಿ ಕತ್ತು ಕುಯ್ಯುವುದು ಎಂದು ಹೇಳುತ್ತಾರೆ. ನನ್ನ ಅಪ್ಪ ನಂಬಿಸಲೂ ಇಲ್ಲ, ನಾನೇ ನಂಬಿದೆ, ಅದಕ್ಕೇ ಹೆಚ್ಚು ನೋವು. ನನಗೆ ಮಳವಳ್ಳಿಗೆ ವಾಪಸ್ ಹೋಗುವ ಆಸೆ ಇಲ್ಲ. ನಾನು ಬಿಟ್ಟು ಬಂದದ್ದು ಸರಿಯೇ. ಆದರೆ ಆ ದಾರಿಯಲ್ಲಿ ನನ್ನ ಜೊತೆ ಒಬ್ಬನಿದ್ದ ಎಂದುಕೊಂಡು ನಾಲ್ಕು ವರ್ಷ ಬದುಕಿದೆನಲ್ಲ, ಅವನು ಇರಲಿಲ್ಲ. ಎರಡು ಮನೆಯಲ್ಲೂ ನನ್ನ ಮಾತನ್ನು ಕೇಳಿದವರು ಯಾರೂ ಇಲ್ಲ. ಮಳವಳ್ಳಿಯವರು ಕಡೇ ಪಕ್ಷ ಕೇಳಿದ ಹಾಗೆ ನಟಿಸಲಿಲ್ಲ.

ಕೋಡಿನ ತಪ್ಪು ಅವತ್ತೇ ಸಿಕ್ಕಿತು. ಹಿಂದಿನ ತೂತು ತೆರೆದಿದೆ ಎಂದು ಕೋಡಿನಲ್ಲಿ ಬರೆದಿದ್ದೆ, ಅದಕ್ಕೆ ವಿದ್ಯುತ್ ಕೊಡುವ ಒಂದು ಸಾಲನ್ನು ಬಿಟ್ಟಿದ್ದೆ. ಅದು ನನ್ನ ತಪ್ಪು, ಅದನ್ನು ಅಪ್ಪನ ತಲೆಗೆ ಕಟ್ಟುವುದಿಲ್ಲ. ಆ ಮೂವರ ಕ್ಷಮೆ ಕೇಳಿದೆ, ತಿದ್ದುಪಡಿಯನ್ನು ವಾಪಸ್ ತೆಗೆಸಿದೆ. ಒಂದು ವಾರ ಬಿಟ್ಟು ಹೊಸದನ್ನು ಬರೆದು, ಈ ಸಲ ಇಯರ್‌ಫೋನನ್ನು ಮೇಜಿನ ಮೇಲೆ ಬಿಟ್ಟು, ಕಂಬದ ಕೆಳಗೆ ನಾನೇ ಹೋಗಿ ನಿಂತು ಕೇಳಿದೆ. 'ಪರೀಕ್ಷಿಸಿದವರು' ಎಂಬಲ್ಲಿ ನನ್ನ ಹೆಸರನ್ನೇ ಹಾಕಿದೆ. ಹಳೆಯದು ಮಾತ್ರ ಅಳಿಸುವುದಿಲ್ಲ. ತಪ್ಪಿದ್ದು, ವಾಪಸ್ ತೆಗೆದದ್ದು, ಎಲ್ಲವೂ ದಾಖಲೆಯಲ್ಲಿ ಸಾಲಾಗಿ ಉಳಿಯುತ್ತದೆ.

ಈಗಲೂ ತಿಂಗಳಿಗೊಮ್ಮೆ ಮದ್ದೂರಿಗೆ ಹೋಗುತ್ತೇನೆ. ಕಿವಿಯ ಮೆಷಿನ್ ಹಾಕಿಸಿಕೋ ಎಂದು ಹೇಳಿಯಾಯಿತು, ಜನ ನೋಡುತ್ತಾರೆ ಅನ್ನುತ್ತಾನೆ. ಹೋದ ಸಲ ನಾನು ಕಂಪ್ಯೂಟರಿನ ಹಿಂದೆ ಬಗ್ಗಿ ವೈರು ಕಟ್ಟುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ಕೇಳಿದ.

"ನನ್ ಎಸ್ರು ಇನ್ನೂ ಅದಾ ಅದ್ರಲ್ಲಿ?"

ತಿರುಗಿ ನೋಡಬಹುದಿತ್ತು. ಬೆನ್ನು ಹಾಕಿಕೊಂಡೇ ಹೇಳಿದೆ. "ಅದೆ ಅಪ್ಪ. ಆದ್ರೆ ಇನ್ನು ನಿನ್ನ ಮಾತು ನಾನು ನಂಬಲ್ಲ. ಇದಕ್ಕಲ್ಲ, ಯಾವುದಕ್ಕೂ."

"ಸರಿ ಬುಡವ್ವ," ಅಂದ ಅಪ್ಪ.