ಏಣಿಯಣ್ಣನ ಕೆಂಪು ದಿನಗಳು

ಹಲ್ಲುಜ್ಜುವ ಬ್ರಷ್ಷು ಇಷ್ಟು ಭಾರವಾಗಿರಬಲ್ಲದು ಎಂದು ಏಣಿಯಣ್ಣನಿಗೆ ನಲವತ್ತೇಳು ವರ್ಷಗಳಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಬಲಗೈ ಎತ್ತಿದ; ಕೈ ಎದೆಯವರೆಗೆ ಬಂದು ನಿಂತುಬಿಟ್ಟಿತು. ನೋವಿಲ್ಲ, ಮರಗಟ್ಟಿಲ್ಲ, ಬೆರಳು ಆಡಿಸಿದರೆ ಆಡುತ್ತವೆ. ಎತ್ತುವ ಶಕ್ತಿ ಮಾತ್ರ ಇಲ್ಲ, ಯಾರೋ ಸೋರಿಸಿಕೊಂಡು ಹೋದಂತೆ. ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿದು ಹೇಗೋ ಎರಡು ಸಲ ಉಜ್ಜಿ, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಬಾಯಿ ತುಂಬ ನೊರೆ. ಉಗುಳಬೇಕೆಂದರೂ ಏಳಬೇಕಿತ್ತು.

ಅವನ ನಿಜವಾದ ಹೆಸರು ಇದ್ದದ್ದು ಮತದಾರರ ಪಟ್ಟಿಯಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಅವನು ಏಣಿಯಣ್ಣ. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ. ಮೂರಂತಸ್ತಿನ ಗೋಡೆಗೆ ಏಣಿ ಒರಗಿಸಿ, ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬ್ರಷ್ಷು, ಬಾಯಲ್ಲಿ ಬಿಡುವಿಲ್ಲದ ಮಾತು. ಏಣಿ ಹಿಡಿದುಕೊಳ್ಳಲು ಮೂರನೇ ಕೈ ಎಲ್ಲಿಂದ ಬರುತ್ತಿತ್ತೋ ದೇವರೇ ಬಲ್ಲ. ಇಪ್ಪತ್ತು ವರ್ಷ ಅವನ ಜೊತೆ ಕೆಲಸ ಮಾಡಿದ ಮೋಟಣ್ಣ, ಹೆಸರಿಗೆ ತಕ್ಕ ಎತ್ತರದವನು, "ಇವನಿಗೆ ನೆಲ ಒಗ್ಗಲ್ಲ ಕಣ್ರೀ, ಮೇಲಿದ್ರೇನೇ ಉಸಿರಾಟ ಸರಾಗ" ಎನ್ನುತ್ತಿದ್ದ. ಊರ ಗೋಡೆಗೆಲ್ಲ ಬಣ್ಣ ಬಳಿದವನ ಮನೆಯ ಗೋಡೆ ಮಾತ್ರ ಹನ್ನೊಂದು ವರ್ಷದಿಂದ ಸುಣ್ಣವನ್ನೂ ಕಂಡಿರಲಿಲ್ಲ. ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿ ಷರ್ಟಿಗೆ ಕಾಲರ್ ಕೂರಿಸುವವಳು, ವಾರಕ್ಕೆ ಆರು ದಿನ ಕೆಲಸ. ಅವಳು ಈ ವಿಷಯ ಎತ್ತಿದಾಗಲೆಲ್ಲ "ಆಗಲಿ ಕಣೇ, ಮುಂದಿನ ತಿಂಗಳು" ಎನ್ನುವುದು ಅವನಿಗೆ ಅಭ್ಯಾಸವಾಗಿತ್ತು.

ಜ್ವರ ಬಂದದ್ದು ಎಲ್ಲರಿಗೂ ಬಂದಂತೆಯೇ. ಹನ್ನೊಂದು ದಿನ ಕಾಡಿ ಇಳಿಯಿತು. ಮೂರನೇ ವಾರ ಅವನು ಏಣಿ ಹತ್ತಿದ, ಒಂದು ಹಗಲು ಪೂರ್ತಿ ಗೋಡೆ ಉಜ್ಜಿದ. ಮರುದಿನವೂ ಮೈ ಹಗುರವಾಗಿಯೇ ಇತ್ತು. ಅದರ ಮರುದಿನ ಬೆಳಿಗ್ಗೆ ಬ್ರಷ್ಷು ಎತ್ತಲಾಗಲಿಲ್ಲ.

ಡಾಕ್ಟರು ರಕ್ತ ನೋಡಿದರು, ಎದೆಯ ಎಕ್ಸ್‌ರೇ ತೆಗೆಸಿದರು, ಇಸಿಜಿ ಮಾಡಿಸಿದರು.

"ಎಲ್ಲ ನಾರ್ಮಲ್ ಇದೆ."

"ಹಾಗಾದ್ರೆ ನಾನ್ಯಾಕೆ ಹೀಗಿದ್ದೀನಿ ಡಾಕ್ಟ್ರೇ?"

"ವೈರಸ್ ಹೋದ್ರೂ ಕೆಲವರಿಗೆ ಸುಸ್ತು ಬಿಟ್ಟು ಹೋಗಲ್ಲ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ."

ಎಲ್ಲ ಸರಿಯಿದೆ ಎಂಬ ಕಾಗದ ಕೈಯಲ್ಲಿ ಹಿಡಿದು, ಆಸ್ಪತ್ರೆಯ ಬಾಗಿಲಿನಿಂದ ರಸ್ತೆಯವರೆಗಿನ ದೂರವನ್ನು ಮೂರು ಕಡೆ ಕೂತು ದಾಟಿದ. ಮುರಿದ ಕಾಲಾದರೆ ಪಟ್ಟಿ ಕಟ್ಟುತ್ತಾರೆ, ನಾಲ್ಕು ಜನ ನೋಡುತ್ತಾರೆ. ಇದನ್ನು ಯಾರಿಗೆ ತೋರಿಸುವುದು?

ಮೈ ಸೋಮಾರಿಯಾಗಿದೆ, ಬಗ್ಗಿಸಿದರೆ ಬಗ್ಗುತ್ತದೆ ಎಂದು ತಾನೇ ತೀರ್ಮಾನ ಮಾಡಿದ. ಬೀದಿಯ ದೀಪದ ಕಂಬಗಳನ್ನು ಎಣಿಸಿಕೊಂಡು ನಡೆಯುವುದು, ದಿನಕ್ಕೊಂದು ಕಂಬ ಹೆಚ್ಚು. ಮೊದಲ ದಿನ ನಾಲ್ಕು, ಮರುದಿನ ಐದು. ಹಲ್ಲು ಕಚ್ಚಿ ಹನ್ನೆರಡರವರೆಗೆ ಬಂದ. ಒಂಬತ್ತನೇ ದಿನ ಹಿಂತಿರುಗಿ ಮನೆಯ ಮೆಟ್ಟಿಲು ಹತ್ತುವಾಗ ಆರನೆಯದರಲ್ಲಿ ಕಾಲು ಮಾತು ಕೇಳಲಿಲ್ಲ. ಎದೆ ಡವಡವ ಬಡಿಯಿತು, ಕಣ್ಣಿಗೆ ಬೂದಿ ಎರಚಿದಂತಾಯಿತು. ಅಲ್ಲೇ ಕುಸಿದು ಕೂತ. ಮೇಲಿನ ಮನೆಯ ಎಂಬತ್ತೆರಡರ ಅಜ್ಜಿ ಒಂದು ಕೈಯಲ್ಲಿ ಹಾಲಿನ ಪೊಟ್ಟಣ, ಇನ್ನೊಂದರಲ್ಲಿ ಕೋಲು ಹಿಡಿದು ಅವನನ್ನು ಸುತ್ತುಹಾಕಿ ಹತ್ತಿಹೋದರು. ತಿರುವಿನಲ್ಲಿ ನಿಂತು ಕೇಳಿದರು:

"ಯಾಕಪ್ಪ, ಬೀಗದ ಕೈ ಮರೆತ್ಯಾ?"

"ಹೌದಜ್ಜಿ" ಎಂದ. ಬೇರೇನು ಹೇಳುವುದು?

ಆ ಸಲ ನಾಲ್ಕು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೈ ಬಗ್ಗಿಸಲು ಹೋದದ್ದಕ್ಕೆ ಮೈಯೇ ತಿರುಗಿಬಿದ್ದಿತ್ತು. ದುಡಿದರೆ ಬಲ ಬರುತ್ತದೆ ಎನ್ನುವುದು ಅವನು ಹುಟ್ಟಿದಾಗಿನಿಂದ ನಂಬಿದ್ದ ಮಾತು. ಅದೇ ಸುಳ್ಳಾದರೆ ಇನ್ನು ನಂಬುವುದಕ್ಕೆ ಉಳಿದದ್ದೇನು ಎಂದು ಛಾವಣಿ ನೋಡುತ್ತ ಗಾಬರಿಯಾದ.

ಐದನೇ ದಿನ, ಮಲಗಿದಲ್ಲಿಂದ ಕೈಗೆಟಕುವಂತಿದ್ದ ಬಾಗಿಲ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಿಂದ ಚೌಕ ಬರೆಯತೊಡಗಿದ. ದಿನಕ್ಕೊಂದು ಚೌಕ. ಮೂಲೆಯಲ್ಲಿದ್ದ ಡಬ್ಬಿಗಳ ತಳದ ಬಣ್ಣದಲ್ಲಿ ಕಡ್ಡಿ ಅದ್ದಿ ಸಂಜೆಗೊಂದು ಚುಕ್ಕೆ ಇಡುವುದು: ಎದ್ದು ಓಡಾಡಿದ ದಿನಕ್ಕೆ ಬಿಳಿ, ಕಾಲೆಳೆದ ದಿನಕ್ಕೆ ಬೂದು, ಮಲಗೇ ಕಳೆದ ದಿನಕ್ಕೆ ಯಾರದೋ ಗೇಟಿಗೆ ಹೊಡೆದು ಉಳಿದ ಕೆಂಪು. ಕೆಳಗೆ ಸಣ್ಣ ಅಕ್ಷರದಲ್ಲಿ ಅವತ್ತು ಏನೇನು ಮಾಡಿದೆ ಎಂಬುದು. ಯಾರೂ ಹೇಳಿಕೊಟ್ಟದ್ದಲ್ಲ. ಗೋಡೆ ಮುಂದೆ ಇದ್ದರೆ ಅವನ ತಲೆ ಓಡುತ್ತಿತ್ತು, ಅಷ್ಟೇ.

ಮೊದಲು ಕೆಂಪಿನ ಹಿಂದಿನ ದಿನ ನೋಡಿದ. ಅಲ್ಲಿ ಏನೂ ಇರಲಿಲ್ಲ, ಬರೀ ಬಿಳಿ. ಅದಕ್ಕೇ ತಾನೇ ಅವನಿಗೆ ತಲೆಬುಡ ತಿಳಿಯದೆ ಹೋದದ್ದು. ನಲವತ್ತು ಚೌಕಗಳಾದ ಮೇಲೆ ಒಂದು ಮಧ್ಯಾಹ್ನ ದಿಂಬಿಗೆ ಒರಗಿ ಸುಮ್ಮನೆ ನೋಡುತ್ತಿದ್ದಾಗ ಕಣ್ಣು ಇನ್ನೊಂದು ಚೌಕ ಹಿಂದಕ್ಕೆ ಜಾರಿತು. 'ನೀರಿನ ಟ್ಯಾಂಕ್ ನೋಡಲು ಹತ್ತಿದ್ದು.' ಮುಂದಿನ ಕೆಂಪಿಗೆ ಹೋದ. ಎರಡು ಚೌಕ ಹಿಂದೆ, 'ಬಟ್ಟೆ ಒಗೆದದ್ದು.' ಮತ್ತೊಂದಕ್ಕೆ ಹೋದ. ಎರಡು ಚೌಕ ಹಿಂದೆ, 'ಮೋಟಣ್ಣನ ಜೊತೆ ಫೋನಿನಲ್ಲಿ ಒಂದು ಗಂಟೆ ಜಗಳ.'

ಇವತ್ತು ಮಾಡಿದ್ದಕ್ಕೆ ಮೈ ನಾಡಿದ್ದು ಪೆಟ್ಟು ಕೊಡುತ್ತಿತ್ತು! ನಡುವೆ ಒಂದು ದಿನ ನಗುನಗುತ್ತ ಬಿಟ್ಟು, ಅವನು ಮರೆತಾಗ. ಬಟ್ಟೆ, ಮೆಟ್ಟಿಲು ಸರಿ. ಜಗಳಕ್ಕೂನಾ? ಕೂತಲ್ಲೇ ಕೂತು ಆಡಿದ ಮಾತಿಗೂನಾ? ಎದ್ದು ನಿಂತು ಮತ್ತೊಮ್ಮೆ ಬೆರಳಿಟ್ಟು ಎಣಿಸಿದ. ಏಳು ಸಲ ಬಿದ್ದದ್ದರಲ್ಲಿ ಆರು ಸಲ ಇದೇ ಲೆಕ್ಕ.

ಗೋಡೆಯ ಫೋಟೋ ಹಿಡಿದು ಡಾಕ್ಟರ ಬಳಿ ಹೋದ. ಅವರು ಫೋನನ್ನು ಹಿಗ್ಗಿಸಿ ಕುಗ್ಗಿಸಿ ಬಹಳ ಹೊತ್ತು ನೋಡಿದರು.

"ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ನೀವು ಹಿಡಿದಿರೋ ದಾರಿ ಸರಿ ಇದೆ. ಸುಸ್ತಾದ ಮೇಲೆ ನಿಲ್ಲಿಸೋದಲ್ಲ, ಸುಸ್ತಾಗೋಕೆ ಮುಂಚೆ ನಿಲ್ಲಿಸಿ. ಎದೆ ನೋವು, ಉಸಿರು ಕಟ್ಟೋದು ಬಂದ್ರೆ ಮಾತ್ರ ಗೋಡೆ ನೋಡ್ತಾ ಕೂರಬೇಡಿ, ತಕ್ಷಣ ಬನ್ನಿ."

ಆ ಸಂಜೆ ಹೆಂಡತಿ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಏಣಿಯಣ್ಣ ಅವಳನ್ನು ಬಾಗಿಲ ಹಿಂದಕ್ಕೆ ಎಳೆದುಕೊಂಡು ಹೋದ. "ನೋಡಿಲ್ಲಿ, ಇವತ್ತಿಂದು ಇವತ್ತಲ್ಲ, ನಾಡಿದ್ದು ಹೊಡೆಯುತ್ತೆ" ಎಂದು ಚೌಕದಿಂದ ಚೌಕಕ್ಕೆ ಬೆರಳು ಹಾರಿಸುತ್ತ ವಿವರಿಸಿದ. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಲಿಲ್ಲ. ಎಲ್ಲ ಕೇಳಿಸಿಕೊಂಡು, ಗೋಡೆ ನೋಡುತ್ತಲೇ ಹೇಳಿದಳು:

"ನಂಗೆ ಭಾನುವಾರ ಹೊಡೆಯುತ್ತೆ."

"ಏನು?"

"ಶುಕ್ರವಾರ ಓವರ್‌ಟೈಮ್ ಇರುತ್ತಲ್ಲ. ಶನಿವಾರ ಚೆನ್ನಾಗೇ ಇರ್ತೀನಿ. ಭಾನುವಾರ ಏಳಕ್ಕಾಗಲ್ಲ. ಕೂದಲು ಬಾಚಕ್ಕೆ ಕೈ ಮೇಲೆ ಹೋಗಲ್ಲ."

"ಯಾವಾಗಿಂದ?"

"ನಂಗೆ ಜ್ವರ ಬಂದಿತ್ತಲ್ಲ, ಆಗಿಂದ."

ಅವಳಿಗೆ ಜ್ವರ ಬಂದಿದ್ದು ಎರಡು ವರ್ಷದ ಹಿಂದೆ.

ನೂರು ಭಾನುವಾರ! ಅಷ್ಟೂ ಭಾನುವಾರ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಷ್ಟೂ ಭಾನುವಾರ ಅವನು ಮೋಟಣ್ಣನ ಮುಂದೆ, "ನಮ್ಮನೇಲಿ ಕುಂಭಕರ್ಣನ ತಂಗಿ ಇದ್ದಾಳೆ ಮಾರಾಯ, ವಾರದ ನಿದ್ದೆಯೆಲ್ಲ ಒಂದೇ ದಿನ" ಎಂದು ನಗಿಸಿದ್ದ. ಒಂದೊಂದು ಸಲ ಅವಳಿಗೆ ಕೇಳುವಂತೆಯೇ.

"ಹೇಳ್ಬಾರದಿತ್ತಾ?" ಎಂದ ಕೊನೆಗೆ.

"ಹೇಳಿದ್ದೆ ಕಣ್ರೀ. ಒಂದ್ಸಲ ಅಲ್ಲ, ಮೂರು ಸಲ. ಒಂದ್ಸಲ ನೀವು ಷೂ ಹಾಕ್ಕೋತಿದ್ರಿ. 'ಎಲ್ಲರಿಗೂ ಸುಸ್ತಾಗುತ್ತೆ ಕಣೇ' ಅಂದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಆಮೇಲೆ ನಂಗೂ ಅನ್ನಿಸ್ತು, ಎಲ್ಲರಿಗೂ ಹೀಗೇ ಇರ್ಬೇಕು, ನಾನೇ ಮೈಗಳ್ಳಿ ಅಂತ."

ಅವಳು ಬ್ಯಾಗ್ ಇಳಿಸಿ ಅಡುಗೆಮನೆಯ ಕಡೆ ತಿರುಗಿದಳು. "ಕೂತ್ಕೋ" ಎಂದ ಅವನು. ದನಿ ತನಗೇ ಬೆಚ್ಚಿಬೀಳುವಷ್ಟು ಜೋರಾಗಿತ್ತು. "ಕೂತ್ಕೋ ಮಾರಾಯ್ತಿ. ಕೈ ಮುಗೀತೀನಿ."

ಅವಳು ಕೂತಳು. ಅವನು ಸ್ಟೂಲು ಎಳೆದುಕೊಂಡು ಒಲೆಯ ಮುಂದೆ ತಾನೂ ಕೂತೇ ಟೀ ಮಾಡಿದ. ಮರುದಿನ ಗೋಡೆಯ ಮೇಲೆ ಅವಳದೂ ಒಂದು ಸಾಲು ಚೌಕ ಎದ್ದಿತು.

ಅಲ್ಲಿಂದ ಮುಂದಿನದು ಪವಾಡವೇನಲ್ಲ. ಹತ್ತು ನಿಮಿಷ ಕೆಲಸ, ಇಪ್ಪತ್ತು ನಿಮಿಷ ಮಲಗುವುದು. ಅಲಾರಂ ಹೊಡೆದರೆ ಕೈಯಲ್ಲಿದ್ದ ಪಾತ್ರೆ ಅರ್ಧ ತೊಳೆದಲ್ಲೇ ಬಿಡುವುದು. ಅರ್ಧಕ್ಕೆ ಬಿಡುವುದನ್ನು ಕಲಿಯುವುದು ಅವನಿಗೆ ಏಣಿ ಹತ್ತುವುದನ್ನು ಕಲಿತದ್ದಕ್ಕಿಂತ ಕಷ್ಟವಾಯಿತು. ಹೆಂಡತಿ ಸೂಪರ್‌ವೈಸರ್ ಜೊತೆ ಎರಡು ವಾರ ಗುದ್ದಾಡಿ ಶುಕ್ರವಾರದ ಓವರ್‌ಟೈಮ್ ಬಿಟ್ಟಳು. ಮೂರು ತಿಂಗಳಿಗೆ ಕೆಂಪು ಅಪರೂಪವಾಯಿತು, ಆದರೆ ಪೂರಾ ಹೋಗಲಿಲ್ಲ; ಅವಳ ಸಾಲಿನಲ್ಲಂತೂ ಬೂದು ಹಟ ಹಿಡಿದು ಕೂತಿತು. ವರ್ಷ ಕಳೆಯುವ ಹೊತ್ತಿಗೆ ಏಣಿಯಣ್ಣ ವಾರಕ್ಕೆ ಮೂರು ಅರ್ಧ ದಿನ ಕೆಲಸಕ್ಕೆ ಹೋಗುವಂತಾದ. ಸೊಂಟದಿಂದ ಕೆಳಗಿನ ಗೋಡೆ ಅವನದು, ಸ್ಟೂಲಿನ ಮೇಲೆ ಕೂತು. ಮೇಲಿನದು ಮೋಟಣ್ಣನದು. "ಲೋಕ ತಲೆಕೆಳಗಾಯ್ತಲ್ಲಪ್ಪ" ಎಂದು ಮೋಟಣ್ಣ ಏಣಿಯ ಮೇಲಿನಿಂದ ಹಾಸ್ಯ ಮಾಡುತ್ತಾನೆ.

ಏಣಿಯಣ್ಣ ನಗುತ್ತಾನೆ. ಆದರೂ ರೋಲರ್ ಎಳೆಯುತ್ತ ಎಳೆಯುತ್ತ ಕೈ ಇದ್ದಕ್ಕಿದ್ದಂತೆ ನಿಂತುಬಿಡುವುದುಂಟು. ಸುಸ್ತಿಗಲ್ಲ.

"ಎರಡು ವರ್ಷ ಕಣೋ," ಎನ್ನುತ್ತಾನೆ ಗಟ್ಟಿಯಾಗಿ. "ಒಂದೇ ಮನೇಲಿದ್ದೂ ನಂಗೆ ಕಾಣ್ಲಿಲ್ಲ."

"ಏನು?" ಎಂದು ಮೋಟಣ್ಣ ಕೆಳಗೆ ಬಗ್ಗಿ ನೋಡುತ್ತಾನೆ.