ಕುರ್ಚಿಯಲ್ಲಿ ಮೊದಲು ಕೂತವನು

ಕರಾವಳಿಗೆ ರೈಲು ಹೊಸತಾಗಿ ಬಂದ ಕಾಲ. ನಾನು ಬಾಡಿಗೆ ಕಾರು ಓಡಿಸುತ್ತಿದ್ದೆ. ಕಾರಿನಲ್ಲಿದ್ದ ಜರ್ಮನಿಯ ಅಜ್ಜಿಯೊಬ್ಬಳಿಗೆ ದಾರಿಯಲ್ಲೇ ಹಲ್ಲುನೋವು ಹತ್ತಿಕೊಂಡಿತು. ಅವಳ ದೇಶದಲ್ಲಿ ಹಲ್ಲಿನ ಚಿಕಿತ್ಸೆ ಬಹಳ ದುಬಾರಿಯಂತೆ, ಇಲ್ಲೇ ನಂಬಿಕಸ್ಥ ಡಾಕ್ಟರು ಬೇಕು ಅಂದಳು.

ಭಟ್ಕಳದ ಹಲ್ಲಿನ ಡಾಕ್ಟರ ಹತ್ತಿರ ನನ್ನನ್ನೇ ಕುರ್ಚಿಗೆ ತಳ್ಳಿ, "ಮೊದಲು ಇವನದ್ದು ನೋಡಿ" ಅಂದಳು. ನಾನು ಹಲ್ಲಲ್ಲೇ ಸೋಡಾ ಮುಚ್ಚಳ ತೆಗೆಯುವುದನ್ನು ಅವಳು ಕಂಡಿದ್ದಳು. ಎಲೆಅಡಿಕೆಯ ಕವಳ ಹಾಕಿ ಹಲ್ಲು ಕೆಂಪಾಗಿತ್ತು, ಅಷ್ಟೇ; ಗಟ್ಟಿಗೇನೂ ಕಮ್ಮಿಯಿರಲಿಲ್ಲ. ಅಲ್ಲಿ ಎರಡು ಕೀಳಬೇಕು ಅಂದರು, ಹೊನ್ನಾವರದಲ್ಲಿ ಒಂದು. ಎರಡೂ ಕಡೆ ಅಜ್ಜಿ ದವಡೆ ಹಿಡಿದುಕೊಂಡೇ ಎದ್ದು ಹೊರಟಳು.

ಕುಮಟೆಯ ಡಾಕ್ಟರಮ್ಮ ನೋಡಿ, "ಹಲ್ಲಿಗೆ ಎಂತದೂ ಆಗ್ಲಿಲ್ಲ ಮಾರಾಯಾ. ಕವಳ ಬಿಡು, ಹೋಗು" ಅಂದರು. ಅಜ್ಜಿ ನನ್ನನ್ನು ಎಬ್ಬಿಸಿ ತಾನು ಕೂತಳು.

ನಮ್ಮೂರ ಡಾಕ್ಟರನ್ನು ಆರಿಸುವ ಬಗೆಯನ್ನು ಸಮುದ್ರದಾಚೆಯವಳು ಕಲಿಸಿದಳಲ್ಲ ಅಂತ ಬಾಯಿ ಬಿಟ್ಟುಕೊಂಡು ನಿಂತೆ. ಕವಳ ಮಾತ್ರ ಇನ್ನೂ ಬಿಟ್ಟಿಲ್ಲ. ಬಿಟ್ಟರೆ ಡಾಕ್ಟರುಗಳನ್ನು ಪರೀಕ್ಷೆ ಮಾಡುವುದು ಹೇಗೆ?