ಹಸಿರು ಎಂದು ಕೂಗುತ್ತಿದ್ದ ಕಾಕಾ

ಪಕ್ಕದ ಮನೆಯ ಡ್ರೈವರ್ ಕಾಕಾ ಅವರ ಎಡಗೈ ಮೊಣಕೈಯಿಂದ ಕೆಳಗೆ ಬಲಗೈಗಿಂತ ಕಪ್ಪಾಗಿತ್ತು. ಮೂವತ್ತು ವರ್ಷ ಆ ಕೈಯನ್ನು ರೈಲು ಎಂಜಿನ್ ಕಿಟಕಿಯ ಹೊರಗಿಟ್ಟು ಗಾಡಿ ಓಡಿಸಿದವರು. ಹುಬ್ಬಳ್ಳಿಯಿಂದ ವರ್ಗವಾಗಿ ನಾಗಪುರಕ್ಕೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ಎಂಜಿನ್ ಬಿಟ್ಟರೂ ಅದರ ಶಿಸ್ತು ಬಿಡಲಿಲ್ಲ.

ನನ್ನ ಸ್ಕೂಟರ್ ಹಿಂದೆ ಕೂತು ಗಾಂಧಿಬಾಗ್‌ ಪೇಟೆಗೆ ಹೊರಟರೆ ಪ್ರತಿ ಸಿಗ್ನಲ್‌ನಲ್ಲೂ ದೀಪ ಬದಲಾದೊಡನೆ "ಹಸಿರು!" ಎಂದು ಕೂಗುವರು. ನಾನೂ ತಿರುಗಿ "ಹಸಿರು!" ಎನ್ನುವ ತನಕ ಭುಜ ಬಿಡುತ್ತಿರಲಿಲ್ಲ. ಹಿಂದಿನ ಆಟೋದವರ ಬೈಗುಳ ನನ್ನ ಪಾಲಿಗೆ. ಎಂಜಿನ್‌ನಲ್ಲಿ ಡ್ರೈವರ್, ಕಲ್ಲಿದ್ದಲು ಹಾಕುವ ಫೈರ್‌ಮನ್ ಇಬ್ಬರೂ ಸಿಗ್ನಲ್ಲಿನ ಬಣ್ಣವನ್ನು ಪರಸ್ಪರ ಕೂಗಿ ಹೇಳಲೇಬೇಕಂತೆ. "ನಾಲ್ಕು ಕಣ್ಣು ತಪ್ಪೂದಿಲ್ಲ ತಂಗಿ" ಎನ್ನುವರು.

ಆಗ ನಾನು ಒಂದು ಪುಟ್ಟ ಆನಿಮೇಷನ್ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಿದ್ದೆ. ದೀಪಾವಳಿ ರಜೆಗೆ ಮಕ್ಕಳು ರೈಲಿನಲ್ಲಿ ಅಜ್ಜಿಯ ಊರಿಗೆ ಹೋಗುವ ಹಿಂದಿ ಕಾರ್ಟೂನೇ ನನ್ನ ಮೊದಲ ಚಿತ್ರ. ಹೆಮ್ಮೆಯಿಂದ ಕಾಕಾಗೆ ತೋರಿಸಿದೆ.

"ಚಲೋ ಅದ. ಆದ್ರ ಎಂಜಿನ್ನ್ಯಾಗ ಇಬ್ರೂ ಮೂಗರಂಗ ನಿಂತಾರಲ್ಲ? ಹಿಂದ ಡಬ್ಬ್ಯಾಗ ಮಕ್ಕಳು ಕುಂತಾವ."

"ಕಾರ್ಟೂನ್ ಅದು ಕಾಕಾ, ಯಾರ್ ನೋಡ್ತಾರ?"

"ಈಗ ನಿನಗ ಗೊತ್ತಾತಲ್ಲ, ಸಾಕು."

ಸಿಟ್ಟು ಬಂತು. ರಾತ್ರಿಯಿಡೀ ನಿದ್ದೆಯೂ ಬರಲಿಲ್ಲ. ಮರುದಿನ ಸ್ಟುಡಿಯೋ ಮಾಲೀಕರಿಗೆ ಇದನ್ನು ತಿದ್ದಬೇಕೆಂದು ಹೇಳಿದರೆ ಅವರೂ ಮರಾಠಿಯಲ್ಲಿ "ಕೋಣ್ ಬಘತೋ?" ಎಂದರು, ಕಾಕಾಗೆ ನಾನು ಕೇಳಿದ ಪ್ರಶ್ನೆಯೇ. ಶುಕ್ರವಾರಕ್ಕೆ ಚಿತ್ರ ಮುಗಿಯದಿದ್ದರೆ ಕೆಲಸಕ್ಕೆ ಬರುವುದೇ ಬೇಡ ಎಂದೂ ಸೇರಿಸಿದರು. ನಾನು ಹಠಕ್ಕೆ ಬಿದ್ದೆ. ಮೂರು ದಿನ ತಲೆಯೆತ್ತದೆ ಎಂಜಿನ್ನಿನ ಆ ಇಬ್ಬರ ಬಾಯಿಗಳ ಚಲನೆ ಬರೆದೆ. ದನಿ ಕೊಡುವವರು ಮುಂಬೈಗೆ ಹೋಗಿಯಾಗಿತ್ತು. ಕಾಕಾ ಅವರನ್ನೇ ಕರೆದೊಯ್ದೆ.

ಮೈಕಿನ ಮುಂದೆ ಹಸಿರಿಗೆ ಹಿಂದಿಯಲ್ಲಿ "ಹರಾ" ಎನ್ನಲು ಹೇಳಿದರೆ ಮೂರು ಸಲವೂ ಮೈಕಿಗೆ ಕೇಳದಷ್ಟು ಮೆಲ್ಲಗೆ ಅಂದರು. ನಾಲ್ಕನೇ ಸಲಕ್ಕೆ ಕಣ್ಣು ಮುಚ್ಚಿ, ಇಲ್ಲದ ಕಿಟಕಿಯ ಮೇಲೆ ಎಡಗೈ ಇಟ್ಟು, "ಹಸಿರು!" ಎಂದು ಕೂಗಿದರು. ಪಕ್ಕದಲ್ಲೇ ನಿಂತಿದ್ದ ನಾನು ಅಭ್ಯಾಸಬಲದಿಂದ "ಹಸಿರು!" ಎಂದುಬಿಟ್ಟೆ. ಮಾಲೀಕರು ನಗುತ್ತಾ ಅದನ್ನೇ ಇಟ್ಟುಕೊಂಡರು. ಹಿಂದಿ ಚಿತ್ರದೊಳಗೆ ಆ ಕನ್ನಡದ ಮಾತು ಹೇಗೆ ನುಸುಳಿತೆಂದು ಈಗಲೂ ಕೆಲವರು ಕೇಳುತ್ತಾರೆ. ನುಸುಳಿದ್ದು ಹೀಗೆ.

ಕಾಕಾ ತೀರಿಕೊಂಡು ವರ್ಷಗಳಾದವು. ಆಮೇಲೆ ಎಷ್ಟೋ ಚಿತ್ರ ಮಾಡಿದ್ದೇನೆ. "ಯಾರು ನೋಡುತ್ತಾರೆ" ಎಂದು ಮತ್ತೆ ಕೇಳಿಲ್ಲ. ರಜೆಯಲ್ಲಿ ಕೇಬಲ್ಲಿನವರು ಆ ಚಿತ್ರ ಹಾಕಿದಾಗ ಕಾಕಾ ಕೂಗುತ್ತಾರೆ. ಉತ್ತರ ಕೊಡುವ ದನಿ ಅಲ್ಲಿ ನನ್ನದೇ ಇದೆ. ಆದರೂ ಟಿವಿ ಮುಂದೆ ಕೂತು ಇನ್ನೊಮ್ಮೆ ಗಟ್ಟಿಯಾಗಿ "ಹಸಿರು!" ಎನ್ನುತ್ತೇನೆ. ಹಿಂದೆ ಮಕ್ಕಳು ಕೂತಿವೆ.